ಊಟ, ಆಟಿಕೆ, ಮುದ್ದು ಎಲ್ಲಾ ಇದ್ದೂ ನಮ್ಮ ನಾಯಿ ಊಳಿಡುತ್ತದೆ. ಅದರ ಮನಸ್ಸಿಗೆ ಇನ್ನೇನು ಬೇಕು?

ಗಂಡ ಹೆಂಡತಿ ಇಬ್ಬರೂ ಬೆಳಗ್ಗೆ ಕೆಲಸಕ್ಕೆ ಹೋಗುತ್ತೀರಿ, ಎರಡು ವರ್ಷದ ನಾಟಿ ನಾಯಿ ಫ್ಲ್ಯಾಟಿನಲ್ಲಿ ಒಂದೇ ಇರುತ್ತದೆ. ಬಾಗಿಲು ಕೆರೆದು ಬಣ್ಣ ಎದ್ದಿದೆ, ಪಕ್ಕದ ಮನೆಯವರು ಬೈತಿದ್ದಾರೆ. ಇನ್ನೂ ಜಾಸ್ತಿ ಮುದ್ದು ಮಾಡಬೇಕಾ ಅಂತ ಕೇಳಿದ್ದೀರಿ. ನಾನು ನೋಡಿದ ಮನೆಗಳಲ್ಲಿ ಮುದ್ದಿಗೇನೂ ಬರ ಇಲ್ಲ. ನಾಯಿಗೆ ಸಿಗದೆ ಹೋಗುವುದು ಎರಡು: ಹೋದವರು ವಾಪಸ್ ಬರುತ್ತಾರೆ ಅನ್ನುವ ಧೈರ್ಯ, ತನ್ನಿಷ್ಟದಂತೆ ಏನಾದರೂ ಮಾಡುವ ಅವಕಾಶ.

ಮೊದಲು ಒಂದು ಹಳೇ ಮೊಬೈಲ್ ಇಟ್ಟು ವಿಡಿಯೊ ಮಾಡಿ. ನೀವು ಬಾಗಿಲು ಹಾಕಿದ ಕೂಡಲೇ ಏದುಸಿರು, ಜೊಲ್ಲು, ಊಳಾಟ ಶುರುವಾದರೆ ಅದು ಹೆಚ್ಚಾಗಿ ಭಯ. ಮೊದಲು ಹಾಯಾಗಿ ಮಲಗಿದ್ದು, ಮಧ್ಯಾಹ್ನದ ಹೊತ್ತಿಗೆ ಎದ್ದು ಚಪ್ಪಲಿ ಹುಡುಕಿಕೊಂಡು ಹೋದರೆ ಬೇಜಾರು. ಎರಡಕ್ಕೂ ಮದ್ದು ಬೇರೆ.

ಭಯವಾದರೆ ಗಮನಿಸಿ, ನೀವು ಹೊಸಿಲು ದಾಟುವ ಮೊದಲೇ ಅದು ಶುರುವಾಗಿರುತ್ತದೆ. ಬೀಗದ ಕೈ ಸದ್ದು, ಶೂ, ಹೆಗಲಿಗೇರುವ ಬ್ಯಾಗು, ಎಲ್ಲಾ ಅದಕ್ಕೆ ಸೂಚನೆ. ದಿನಕ್ಕೆ ಹಲವು ಸಲ ಸುಮ್ನೆ ಬೀಗದ ಕೈ ತಗೊಂಡು ಸೋಫಾ ಮೇಲೆ ಕೂತುಬಿಡಿ. ಶೂ ಹಾಕಿಕೊಂಡು ಕಾಫಿ ಕುಡಿಯಿರಿ. ಆಮೇಲೆ ಬಾಗಿಲಾಚೆ ಅರ್ಧ ನಿಮಿಷ ನಿಂತು, ಅದು ಗಾಬರಿಯಾಗುವ ಮೊದಲೇ ಒಳಗೆ ಬನ್ನಿ. ಹೀಗೇ ಹೊತ್ತನ್ನು ಬೆಳೆಸುತ್ತಾ ಹೋಗಬೇಕು. ಇದು ವಾರಗಟ್ಟಲೆಯ ಕೆಲಸ. ಅಲ್ಲಿಯವರೆಗೆ ಇಡೀ ದಿನ ಒಂಟಿ ಬಿಡದಿರುವುದು ಒಳ್ಳೆಯದು. ಅಮ್ಮ, ಎದುರು ಮನೆ ಅಜ್ಜಿ, ದುಡ್ಡು ಕೊಟ್ಟು ನೋಡಿಕೊಳ್ಳುವವರು, ಯಾರಾದರೂ ಸರಿ. ನಾಯಿ ಡಾಕ್ಟರಿಗೂ ತೋರಿಸಿ. ಮೈಯಲ್ಲಿ ನೋವಿದ್ದರೂ ವರ್ತನೆ ಬದಲಾಗುತ್ತದೆ. ಭಯ ವಿಪರೀತವಾಗಿದ್ದರೆ ಅವರು ಮಾತ್ರೆಯನ್ನೂ ಕೊಡಬಹುದು, ಅದರಲ್ಲಿ ಹಿಂಜರಿಕೆ ಬೇಡ.

ಸಂಜೆ ಬಂದು ಗದರುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. "ತಪ್ಪು ಮಾಡಿದ್ದು ಅದಕ್ಕೇ ಗೊತ್ತು, ಮುಖ ನೋಡಿದರೆ ತಿಳಿಯುತ್ತೆ" ಅಂದಿದ್ದೀರಿ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿ 2009ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ತಿನ್ನಬೇಡ ಅಂದ ತಿಂಡಿಯನ್ನು ನಾಯಿ ನಿಜವಾಗಿ ತಿಂದಿತ್ತೋ ಇಲ್ಲವೋ, ಆ ಪೆಚ್ಚು ಮುಖ ಹೆಚ್ಚಾಗಿ ಕಂಡದ್ದು ಯಜಮಾನರು ಗದರಿದಾಗ. ಅಂದರೆ ಅದು ನಿಮ್ಮ ಕೋಪಕ್ಕೆ ಹೆದರಿದ ಮುಖ. ಮೊದಲೇ ಒಂಟಿತನದ ಭಯ, ಈಗ ನೀವು ಬರುವುದೂ ಭಯ ಅಂದರೆ ಅದು ಎಲ್ಲಿಗೆ ಹೋಗಬೇಕು, ಹೇಳಿ.

ಬೇಜಾರಿಗೆ ಮದ್ದು ಮೂಗಿನಲ್ಲಿದೆ. ವಾಕಿಂಗ್ ಅಂದರೆ ನಮಗೆ ಕಾಲಿನ ಕೆಲಸ, ನಾಯಿಗೆ ಪೇಪರ್ ಓದಿದ ಹಾಗೆ. ನಮ್ಮ ನಾಯಿ ಕೆಂಚ ಲೈಟ್ ಕಂಬದ ಬುಡಕ್ಕೆ ಮೂಗಿಟ್ಟರೆ ಮೇಲಿಂದ ಕೆಳಗೆ ಮೂಸಿ, ಒಂದು ಸುತ್ತು ಬಂದು, ಮತ್ತೆ ಅದೇ ಜಾಗಕ್ಕೆ ಬರುತ್ತಾನೆ. ಬಾಲ ಅಲ್ಲಾಡುವುದಿಲ್ಲ, ಕಿವಿ ಮಾತ್ರ ಹಿಂದೆ ಮುಂದೆ ಆಡುತ್ತಿರುತ್ತದೆ. ಚೈನ್ ಸಡಿಲ ಬಿಟ್ಟು ಕಾಯುತ್ತೇನೆ. 2019ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಎರಡು ವಾರ ಮೂಸಿ ಹುಡುಕುವ ಆಟ ಆಡಿದ ನಾಯಿಗಳು, ತಿಂಡಿ ಇದೆಯೋ ಇಲ್ಲವೋ ಗೊತ್ತಿಲ್ಲದ ಬಟ್ಟಲಿನತ್ತ ಮೊದಲಿಗಿಂತ ಬೇಗ ಹೋದವು, ಅಂದರೆ ಅವುಗಳಿಗೆ ಭರವಸೆ ಹೆಚ್ಚಿತ್ತು. ಯಜಮಾನರ ಪಕ್ಕದಲ್ಲೇ ನಡೆಯುವ ಅಭ್ಯಾಸ ಮಾಡಿದ ನಾಯಿಗಳಲ್ಲಿ ಆ ಬದಲಾವಣೆ ಕಾಣಲಿಲ್ಲ. ದುಬಾರಿ ಆಟಿಕೆ ಏನೂ ಬೇಡ. ಹಳೇ ಪಂಚೆಯ ಮಡಿಕೆಗಳಲ್ಲಿ ಬೇಯಿಸಿದ ಮೊಟ್ಟೆಯ ಚೂರು ಇಟ್ಟು, ಸುತ್ತಿ ಕೊಡಿ. ಬಟ್ಟೆ ನುಂಗುವ ನಾಯಿಯಾದರೆ ಪಂಚೆ ಬೇಡ, ಚೂರುಗಳನ್ನು ಬಾಲ್ಕನಿಯಲ್ಲಿ ಚೆಲ್ಲಿದರೂ ಸಾಕು.

ಇನ್ನು ಮುದ್ದು. ನಾಲ್ಕೈದು ಸೆಕೆಂಡ್ ಎದೆ ಸವರಿ, ಕೈ ತೆಗೆದು ನೋಡಿ. ಮೈ ಒತ್ತಿಕೊಂಡು ಬಂದರೆ ಇನ್ನೂ ಬೇಕು ಅಂತ. ಮುಖ ತಿರುಗಿಸಿ ತುಟಿ ನೆಕ್ಕಿದರೆ, ಆಕಳಿಸಿದರೆ, ಸಾಕು ಅಂತ. ಅಲ್ಲಿಗೇ ಬಿಟ್ಟುಬಿಡಿ. ಮನೆಗೆ ಬರುವ ಮಕ್ಕಳಿಗೂ ಇದನ್ನು ಕಲಿಸಿ, ನಾಯಿ ಕುತ್ತಿಗೆ ತಬ್ಬಿಕೊಳ್ಳೋದು ಅವರಿಗೆ ಭಾರಿ ಇಷ್ಟ ಅಲ್ವಾ. ಆದರೆ ದೀಪಾವಳಿ ಪಟಾಕಿಗೆ ಹೆದರಿ ಅದೇ ನಿಮ್ಮ ಹತ್ತಿರ ಬಂದರೆ ಧಾರಾಳವಾಗಿ ಸಮಾಧಾನ ಮಾಡಿ. ಅದರಿಂದ ಭಯ ಹೆಚ್ಚುವುದಿಲ್ಲ.

ಜೊತೆಗೆ ಇನ್ನೊಂದು ನಾಯಿ ತರಲಾ ಅಂತಲೂ ಕೇಳಿದ್ದೀರಿ. ಈಗ ಬೇಡ. ಅದು ಹುಡುಕುತ್ತಿರುವುದು ನಿಮ್ಮನ್ನಾದರೆ, ಇನ್ನೊಂದು ನಾಯಿ ಬಂದು ಆ ಜಾಗ ತುಂಬುವುದು ಕಷ್ಟ. ಊಳಿಡುವವರು ಇಬ್ಬರಾಗಬಹುದು, ಅಷ್ಟೇ.