ಮರುದಿನ ನಗುತ್ತಾ ಚಹಾ ಕೊಟ್ಟರೆ ದೂರು ಸುಳ್ಳಾಗುತ್ತದೆಯೇ?

ಪ್ರಶ್ನೆ: ದಾವಣಗೆರೆಯ ಖಾಸಗಿ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಈ ವರ್ಷ ನನ್ನನ್ನು ಲೈಂಗಿಕ ಕಿರುಕುಳ ದೂರುಗಳ ಆಂತರಿಕ ಸಮಿತಿಗೆ ಸೇರಿಸಿದ್ದಾರೆ. ಮೊದಲ ದೂರೇ ಕಗ್ಗಂಟಾಗಿದೆ. ಉಗ್ರಾಣದಲ್ಲಿ ಮೇಲಧಿಕಾರಿ ಮೈಮುಟ್ಟಿದರು ಎಂದು ಸಹೋದ್ಯೋಗಿಯೊಬ್ಬರು ಎರಡು ತಿಂಗಳ ಮೇಲೆ ದೂರಿದ್ದಾರೆ. ಕಣ್ಣಾರೆ ಕಂಡವರಿಲ್ಲ. ಮರುದಿನ ಆಕೆ ಅವರಿಗೆ ನಗುತ್ತಲೇ ಚಹಾ ಕೊಟ್ಟಿದ್ದನ್ನು ಮಾತ್ರ ಹಲವರು ಕಂಡಿದ್ದಾರೆ. ‘ಇನ್ನೇನು ವಿಚಾರಣೆ?’ ಎನ್ನುತ್ತಾರೆ ಸಮಿತಿಯ ಹಿರಿಯರೊಬ್ಬರು. ಅಮೆರಿಕದಲ್ಲಿ ಕಾನೂನು ಓದದವರೇ ಜ್ಯೂರಿಯಾಗಿ ಕುಳಿತು ಇಂಥವನ್ನು ತೀರ್ಮಾನಿಸುತ್ತಾರಂತೆ. ಅವರು ಹೇಗೆ ನಿರ್ಧರಿಸುತ್ತಾರೆ? ನಾವು ಹೇಗೆ ನಿರ್ಧರಿಸಬೇಕು?

ಉತ್ತರ: ನಿಮ್ಮ ಪತ್ರದಲ್ಲಿದ್ದ ವಿಭಾಗ, ಹುದ್ದೆಗಳನ್ನು ತೆಗೆದು, ಘಟನೆಯ ವಿವರವನ್ನೂ ಬದಲಿಸಿದ್ದೇನೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ದೂರಿದವರ, ಆರೋಪಕ್ಕೆ ಒಳಗಾದವರ, ಸಾಕ್ಷಿಗಳ ಗುರುತು ಹೊರಬೀಳುವಂತಿಲ್ಲ. ನಮ್ಮ ಊರಿನಲ್ಲಿ ಒಂದು ಮಾತು ಹಳೇ ದಾವಣಗೆರೆಯಿಂದ ವಿದ್ಯಾನಗರ ತಲುಪಲು ಒಂದು ಸಂಜೆ ಸಾಕು. ದಯವಿಟ್ಟು ಇನ್ನು ಮುಂದೆ ಯಾರಿಗೂ ಹೀಗೆ ಬರೆಯಬೇಡಿ.

ಜ್ಯೂರಿ ಒಂದು ಕಾಲಕ್ಕೆ ನಮ್ಮಲ್ಲೂ ಇತ್ತು. 1959ರ ನಾನಾವತಿ ಕೊಲೆ ಪ್ರಕರಣದಲ್ಲಿ ಜ್ಯೂರಿಯ ಒಂಬತ್ತು ಜನರಲ್ಲಿ ಎಂಟು ಮಂದಿ ಆರೋಪಿ ನಿರ್ದೋಷಿ ಎಂದರು. ಬಾಂಬೆ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ. ಅಮೆರಿಕದಲ್ಲಿ 1991ರ ನಾಗರಿಕ ಹಕ್ಕುಗಳ ಕಾಯ್ದೆ ಬಂದ ಮೇಲೆ, ಕೆಲಸದ ಸ್ಥಳದ ಕಿರುಕುಳಕ್ಕೆ ಪರಿಹಾರ ಕೋರುವವರು ಜ್ಯೂರಿಯನ್ನು ಕೇಳಬಹುದು.

ಜ್ಯೂರಿಯವರ ಮನಸ್ಸನ್ನು ಹತ್ತಿರದಿಂದ ನೋಡಿದವರು ನ್ಯಾನ್ಸಿ ಪೆನ್ನಿಂಗ್ಟನ್ ಮತ್ತು ರೀಡ್ ಹೇಸ್ಟಿ ಎಂಬ ಮನೋವಿಜ್ಞಾನಿಗಳು. ಅವರ ಪ್ರಕಾರ ಜನ ಸಾಕ್ಷ್ಯಗಳನ್ನು ಒಂದೊಂದಾಗಿ ತಕ್ಕಡಿಗೆ ಹಾಕುವುದಿಲ್ಲ. ಕೇಳಿದ್ದನ್ನೆಲ್ಲ ಸೇರಿಸಿ ಮನಸ್ಸಿನಲ್ಲೇ ಒಂದು ಕಥೆ ಕಟ್ಟಿಕೊಂಡು, ಅದಕ್ಕೆ ಹೊಂದುವ ತೀರ್ಪನ್ನು ಆರಿಸುತ್ತಾರೆ. ಕಥೆಯಲ್ಲಿ ಎಲ್ಲಿ ತೂತಿದೆಯೋ ಅಲ್ಲಿಗೆ ‘ಲೋಕಾರೂಢಿ’ಯನ್ನು ತುಂಬುತ್ತಾರೆ.

ನಿಮ್ಮ ಹಿರಿಯರು ಮಾಡುತ್ತಿರುವುದೂ ಅದನ್ನೇ. ನೊಂದವಳು ನಗುವುದಿಲ್ಲ ಎಂಬುದು ಸಾಕ್ಷ್ಯವಲ್ಲ, ಅವರು ತಮ್ಮ ಮನೆಯಿಂದ ತಂದ ಮಾತು. ಸಂಬಳದ ಪಟ್ಟಿಗೆ ಸಹಿ ಹಾಕುವವರ ಮುಂದೆ ನಗದೆ ಇರುವ ಸ್ವಾತಂತ್ರ್ಯ ಎಷ್ಟು ಹೆಣ್ಣುಮಕ್ಕಳಿಗಿದೆ? ಹಾಗೆಂದು ನಗು ಆಕೆಯ ಮಾತನ್ನು ನಿಜವೆಂದು ಸಾಬೀತು ಮಾಡುವುದೂ ಇಲ್ಲ. ‘ಅವರು ಇಪ್ಪತ್ತು ವರ್ಷದಿಂದ ಇದ್ದಾರೆ, ದೇವರಂಥವರು’ ಎಂಬ ಮಾತು ಬಂದರೆ ಅದೂ ಇದೇ ಜಾತಿಯದು. ಎರಡನ್ನೂ ಪಕ್ಕಕ್ಕಿಡಿ.

ಕೆಲವು ವರ್ಷಗಳ ಹಿಂದೆ ಚಿತ್ರದುರ್ಗದ ಒಂದು ಕಚೇರಿಯ ಇಂಥದ್ದೇ ಸಮಿತಿಯಲ್ಲಿ ನಾನು ಹೊರಗಿನ ಸದಸ್ಯೆಯಾಗಿದ್ದೆ. ‘ಕೂಗಿಕೊಳ್ಳಲಿಲ್ಲವೇಕೆ?’ ಎಂದು ಒಬ್ಬ ಸದಸ್ಯರು ಪ್ರಶ್ನೆ ಬರೆದುಕೊಂಡು ಬಂದಿದ್ದರು. ಕೇಳುವ ಮೊದಲು ಜಾಗ ನೋಡೋಣ ಎಂದೆ. ಕಡತಗಳ ಕೋಣೆ. ಎರಡು ಸಾಲು ಬೀರುಗಳ ನಡುವೆ ಓರೆಯಾಗಿ ನಡೆಯಬೇಕಾದಷ್ಟೇ ಜಾಗ. ದೂರಿದಾಕೆ ಹೇಳಿದ ಪ್ರಕಾರ ಬಾಗಿಲು ಇದ್ದದ್ದು ಆರೋಪಕ್ಕೆ ಒಳಗಾದವರ ಬೆನ್ನ ಹಿಂದೆ. ಆ ಸದಸ್ಯರು ಆಕೆ ನಿಂತಿದ್ದ ಮೂಲೆಯಲ್ಲಿ ಎರಡು ನಿಮಿಷ ಸುಮ್ಮನೆ ನಿಂತರು. ಮೇಜಿಗೆ ಮರಳಿದ ಮೇಲೆ ತಮ್ಮ ಪ್ರಶ್ನೆಯ ಮೇಲೆ ತಾವೇ ಗೆರೆ ಎಳೆದರು. ತೀರ್ಮಾನವೇನಾಯಿತೆಂದು ಇಲ್ಲಿ ಹೇಳುವಂತಿಲ್ಲ.

ಇನ್ನು ಕಾನೂನಿನ ಮಾತು. ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬಹುದು, ಆದ್ದರಿಂದ ಎರಡು ತಿಂಗಳು ‘ತಡ’ವಲ್ಲ. ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕೆಂಬ ಕಟ್ಟುಪಾಡು ಕ್ರಿಮಿನಲ್ ನ್ಯಾಯಾಲಯದ್ದು; ನೀವು ನೋಡಬೇಕಾದದ್ದು ಯಾರ ಮಾತು ನಿಜವಾಗಿರುವ ಸಂಭವ ಹೆಚ್ಚು ಎಂಬುದನ್ನು. ಕೆಲಸದ ಸ್ಥಳದ ಕಿರುಕುಳಕ್ಕೇ ಸಂಬಂಧಿಸಿದ ಎ.ಕೆ. ಚೋಪ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ: ಸಣ್ಣಪುಟ್ಟ ವ್ಯತ್ಯಾಸಗಳಿಗೆ ಜೋತುಬೀಳದೆ ಪ್ರಕರಣವನ್ನು ಇಡಿಯಾಗಿ ನೋಡಬೇಕು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಆರೋಪಕ್ಕೆ ಒಳಗಾದವರಿಗೂ ಹೇಳಿಕೊಳ್ಳಲು, ಸಾಕ್ಷಿ ತರಲು ಪೂರ್ತಿ ಅವಕಾಶ ಕೊಡಿ. ಇದರಲ್ಲಿ ಎಳ್ಳಷ್ಟೂ ಕೊರತೆಯಾಗಬಾರದು. ಕೊನೆಗೆ ಸಾಬೀತಾಗದಿದ್ದರೂ ಅಷ್ಟಕ್ಕೇ ಆಕೆಯ ಮೇಲೆ ಕ್ರಮ ಕೈಗೊಳ್ಳುವಂತಿಲ್ಲ, 14ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳುತ್ತದೆ.

ಮುಂದಿನ ಸಭೆಗೆ ಮುಂಚೆ ಒಂದು ಹಾಳೆಯನ್ನು ಎರಡು ಪಾಲು ಮಾಡಿ. ಎಡಕ್ಕೆ ನೀವು ಕೇಳಿದ, ಕಂಡ ಸಂಗತಿ. ಬಲಕ್ಕೆ ನೀವು ಊಹಿಸಿಕೊಂಡದ್ದು. ಚಹಾದ ಕಥೆ ಯಾವ ಪಾಲಿಗೆ ಹೋಗುತ್ತದೆಂದು ಹಿರಿಯರನ್ನೇ ಕೇಳಿ. ಆಮೇಲೆ ಎಲ್ಲರೂ ಎದ್ದು ಉಗ್ರಾಣಕ್ಕೆ ಹೋಗಿ. ಆ ದಿನದ ಬೀಗದ ಕೈ ಪುಸ್ತಕ, ಹಾಜರಿ ಪುಸ್ತಕ, ಮೊಬೈಲ್ ಸಂದೇಶಗಳ ಸಮಯ ಇವನ್ನು ತರಿಸಿಕೊಳ್ಳಿ. ಆಕೆ ಅಂದು ಸಂಜೆ ಯಾರ ಬಳಿಯಾದರೂ ಹೇಳಿಕೊಂಡಿದ್ದರೇ ಎಂದು ವಿಚಾರಿಸುವುದನ್ನು ಮರೆಯಬೇಡಿ.