ಬೆಳಿಗ್ಗೆ ರೊಟ್ಟಿ ಬಡಿಯೋಕಾಗದವಳು ಮಧ್ಯಾಹ್ನ ಹೊಲಿಯೋದು ಹೇಗೆ?

ರಾಣೆಬೆನ್ನೂರು ಕಡೆಯ ಓದುಗರೊಬ್ಬರ ಪತ್ರ ಬಂದಿದೆ. ಹೆಂಡತಿಗೆ 36 ವರ್ಷ, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಕೈಬೆರಳಿನ ನೋವಿಗೆ ಎಂಟು ತಿಂಗಳು ಕ್ಯಾಲ್ಸಿಯಂ ಗುಳಿಗೆ ನುಂಗಿದ ಮೇಲೆ ಅದು ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಕೀಲುಗಳು ಬಾತು ನೋಯುವ ಕಾಯಿಲೆ, ಎಂದು ಗೊತ್ತಾಗಿದೆ. "ಹೊಲಿಗೆ ಬಿಟ್ಟುಬಿಡು ಅಂದೆ, ಮೂರು ದಿನ ಮಾತೇ ಆಡಲಿಲ್ಲ. ಅಮ್ಮ ಬೇರೆ, ಬೆಳಿಗ್ಗೆ ರೊಟ್ಟಿ ಬಡಿಯೋಕಾಗದವಳಿಗೆ ಮಧ್ಯಾಹ್ನ ಮಷಿನ್ ತುಳಿಯೋಕೆ ಹೇಗಾಗುತ್ತೆ ಅಂತಾಳೆ. ಕಷಾಯ, ಪಥ್ಯ ಎಲ್ಲಾ ನಾನೇ ನೋಡ್ಕೋತೀನಿ, ಆದ್ರೂ ಸಿಡಿಮಿಡಿ. ನಾನು ಇನ್ನೇನು ಮಾಡಲಿ?" ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಇನ್ನೇನು ಮಾಡಲಿ ಅಂತ ಕೇಳಿದ್ದೀರಿ. ಸ್ವಲ್ಪ ಕಡಿಮೆ ಮಾಡಿ ಅನ್ನೋದು ನನ್ನ ಮೊದಲ ಮಾತು. ಬೇಜಾರಾಗಬೇಡಿ, ನಾನೂ ಇದೇ ತಪ್ಪು ಮಾಡಿದವನು. ನನ್ನ ತಂಗಿಗೆ ಈ ಕಾಯಿಲೆ ಬಂದಾಗ ದಿನಾ ಫೋನ್ ಮಾಡಿ ಗುಳಿಗೆ ತಗೊಂಡ್ಯಾ, ಹುಳಿ ತಿಂದ್ಯಾ ಅಂತ ಕೇಳುತ್ತಿದ್ದೆ. ಒಂದು ದಿನ ಅವಳೇ ಹೇಳಿದಳು: "ಅಣ್ಣಾ, ನೀನು ಫೋನ್ ಮಾಡಿದ್ರೆ ಕಾಯಿಲೆಯೇ ಫೋನ್ ಮಾಡಿದ ಹಾಗಿರುತ್ತೆ."

ನಿಮ್ಮ ತಾಯಿಯ ಪ್ರಶ್ನೆಗೆ ಬರೋಣ, ಏಕೆಂದರೆ ಇಡೀ ಪತ್ರದಲ್ಲಿ ಮುಖ್ಯವಾದದ್ದು ಅದೇ. ಅವರು ಕೆಟ್ಟ ಮನಸ್ಸಿನಿಂದ ಕೇಳುತ್ತಿಲ್ಲ. ಅವರಿಗೂ ಮಂಡಿನೋವು ಇದೆ ಅಂತ ಬರೆದಿದ್ದೀರಿ. ವಯಸ್ಸಾದವರ ಮಂಡಿನೋವು ಸಾಮಾನ್ಯವಾಗಿ ಸವೆತದ್ದು. ಅದು ಕೆಲಸ ಮಾಡಿದಷ್ಟೂ ಜಾಸ್ತಿ, ಕೂತರೆ ಕಡಿಮೆ. ಹಾಗಾಗಿ ಬೆಳಿಗ್ಗೆ ಆಗದವಳಿಗೆ ಮಧ್ಯಾಹ್ನ ಹೇಗೆ ಆಗುತ್ತೆ ಅಂತ ಅವರಿಗೆ ಅನ್ನಿಸುವುದು ಸಹಜ. ಆದರೆ ನಿಮ್ಮ ಮನೆಯವರದ್ದು ಸವೆತ ಅಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಮೈ ಕಾಯಬೇಕಾದ ಶಕ್ತಿಯೇ, ಇಮ್ಯುನಿಟಿ ಅಂತೀವಲ್ಲ ಅದೇ, ಕೀಲುಗಳ ಮೇಲೆ ಬಿದ್ದಿದೆ. ಈ ಬಾವಿನ ನೋವು ತಲೆಕೆಳಗು. ರಾತ್ರಿಯಿಡೀ ಅಲ್ಲಾಡದೆ ಮಲಗಿದ್ದರಿಂದ ಬೆರಳು, ಮಣಿಕಟ್ಟು ಮರಗಟ್ಟಿರುತ್ತವೆ, ಅದು ಬಿಡಲು ಒಂದು ಗಂಟೆ, ಎರಡು ಗಂಟೆ ಬೇಕು. ಅಂದರೆ ಹಿಟ್ಟು ನಾದೋದು, ರೊಟ್ಟಿ ಬಡಿಯೋದು, ಕುಕ್ಕರ್ ಮುಚ್ಚಳ ತೆಗೆಯೋದು, ಮಗಳಿಗೆ ಜಡೆ ಹಾಕೋದು, ಎಲ್ಲವೂ ಕೈ ಏಳದ ಹೊತ್ತಿಗೇ ಬಂದು ನಿಲ್ಲುತ್ತವೆ. ಹನ್ನೊಂದಕ್ಕೆ ಕೈ ಸಡಿಲವಾದಾಗ ಅವರು ಮಷಿನ್ ಮುಂದೆ ಕೂರುತ್ತಾರೆ. ನಾಟಕ ಅಲ್ಲ, ಕಾಯಿಲೆ ಇರೋದೇ ಹಾಗೆ.

ಇದನ್ನು ನಿಮ್ಮ ತಾಯಿಗೆ ಯಾರು ಹೇಳಬೇಕು? ಸೊಸೆ ಹೇಳಿದರೆ ಎದುರುತ್ತರ ಆಗುತ್ತದೆ. ನೀವೇ ಹೇಳಬೇಕು. ಅದೂ ಹೆಂಡತಿ ಎದುರಿಗಿರುವಾಗ ಅಲ್ಲ, ಅಮ್ಮನ ಪಕ್ಕ ಒಬ್ಬರೇ ಕೂತು, ಅವರ ಮಂಡಿಯ ಲೆಕ್ಕದಿಂದಲೇ ಶುರು ಮಾಡಿ. ಒಂದೇ ಸಲಕ್ಕೆ ಆಗಲ್ಲ, ನಾಲ್ಕು ಸಲ ಹೇಳಬೇಕಾದೀತು. ಕಷಾಯ ಕಾಯಿಸೋದಕ್ಕಿಂತ ಇದು ಕಷ್ಟ, ಅಲ್ವಾ?

ಕಷಾಯದ ಬಗ್ಗೆಯೂ ಒಂದು ಮಾತು. ಇಮ್ಯುನಿಟಿ ಹೆಚ್ಚಲಿ ಅಂತ ದಿನಾ ಅಮೃತಬಳ್ಳಿ ಕೊಡುತ್ತಿದ್ದೀರಂತೆ. ದಯವಿಟ್ಟು ನಿಲ್ಲಿಸಿ, ಡಾಕ್ಟರಿಗೂ ತಿಳಿಸಿ. ಅಮೃತಬಳ್ಳಿ ತಗೊಂಡವರಲ್ಲಿ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳನ್ನು ಮುಂಬೈನ ವೈದ್ಯರು 2021ರಲ್ಲಿ ದಾಖಲಿಸಿದ್ದಾರೆ. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಆ ಜಗಳ ಬೇರೆ. ಆದರೆ ಈ ಕಾಯಿಲೆಗೆ ಅಂತ ನಿಮ್ಮವರಿಗೆ ಕೊಟ್ಟಿರುವ ಮೆಥೋಟ್ರೆಕ್ಸೇಟ್ ಕೂಡ ಲಿವರ್ ಮೇಲೆ ಕಣ್ಣಿಟ್ಟೇ ಕೊಡುವ ಔಷಧಿ. ಆಗಾಗ ರಕ್ತ ಪರೀಕ್ಷೆ ಬರೆಯುವುದು ಅದಕ್ಕೇ. ಹೇಗೂ ಇಲ್ಲಿ ಬೇಲಿ ಎದ್ದು ಮೇಯುತ್ತಿದೆ, ಅದಕ್ಕೆ ಇನ್ನಷ್ಟು ಬಲ ಯಾಕೆ?

ಆ ಮೆಥೋಟ್ರೆಕ್ಸೇಟ್ ಗುಳಿಗೆ ವಾರಕ್ಕೆ ಒಂದೇ ದಿನ. ಇದೊಂದನ್ನು ಮಾತ್ರ ಗಟ್ಟಿಯಾಗಿ ನೆನಪಿಡಿ. ತಪ್ಪಿ ದಿನಾ ನುಂಗಿ ಜೀವ ಹೋದವರಿದ್ದಾರೆ. ಚೀಟಿ ಮೇಲೆ, ಡಬ್ಬಿ ಮೇಲೆ ಆ ದಿನದ ಹೆಸರು ಕನ್ನಡದಲ್ಲಿ ದಪ್ಪಗೆ ಬರೆಯಿರಿ. ಯಾವ ದಿನ ಅನ್ನೋದನ್ನು ಡಾಕ್ಟರ್ ಹತ್ತಿರ ಅವರೇ ಆರಿಸಿಕೊಳ್ಳಲಿ. ನುಂಗಿದ ಮರುದಿನ ಕೆಲವರಿಗೆ ವಾಕರಿಕೆ, ಸುಸ್ತು ಇರುತ್ತದೆ. ಶನಿವಾರ ರಾತ್ರಿ ತಗೊಂಡು ಭಾನುವಾರ ಮಲಗಿದರಾಯ್ತು ಅಂತ ಗಂಡಸರು ಸಲೀಸಾಗಿ ಹೇಳಿಬಿಡುತ್ತೇವೆ. ಭಾನುವಾರ ಯಾವ ಹೆಂಗಸಿಗೆ ರಜೆ ಇದೆ ಹೇಳಿ, ನೆಂಟರು ಬರೋದೇ ಅವತ್ತು! ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು, ಹಾಗಾಗಿ ತಿಂಗಳಿಗೇ "ಏನೂ ಆಗಲಿಲ್ಲ" ಅಂತ ಬಿಡಿಸಬೇಡಿ. ಔಷಧಿ ಇಲ್ಲದೆ ಬಿಟ್ಟರೆ ಮೊದಲೆರಡು ವರ್ಷದಲ್ಲೇ ಕೀಲು ಹಾಳಾಗಬಹುದು, ಹಾಳಾದದ್ದು ಮತ್ತೆ ಬರಲ್ಲ. ಜೊತೆಗೆ ಸ್ಟಿರಾಯ್ಡ್ ಕೊಟ್ಟಿದ್ದರೆ ಅದನ್ನೂ ನೀವಾಗಿ ಥಟ್ಟನೆ ನಿಲ್ಲಿಸುವ ಹಾಗಿಲ್ಲ. ಎರಡನೇ ಮಗುವಿನ ಮಾತು ಎತ್ತಿದ್ದೀರಿ. ಆಗದ್ದೇನಲ್ಲ, ಆದರೆ ಮೆಥೋಟ್ರೆಕ್ಸೇಟ್ ಇರುವಾಗ ಗರ್ಭ ನಿಲ್ಲಬಾರದು. ಔಷಧಿ ಬದಲಿಸಿ ಕೆಲವು ತಿಂಗಳು ಕಾಯಬೇಕು, ಡಾಕ್ಟರಿಗೆ ಮೊದಲೇ ಹೇಳಿ.

ಇನ್ನು ಹೊಲಿಗೆ. ಬಿಡು ಅನ್ನೋಕೆ ನೀವ್ಯಾರು ಅಂತ ಅವರು ಬಾಯಿಬಿಟ್ಟು ಕೇಳಲಿಲ್ಲ, ಮೂರು ದಿನ ಸುಮ್ಮನಿದ್ದು ಕೇಳಿದರು. ಕಾಯಿಲೆ ಬೆರಳು ಹಿಡಿಯಿತು, ನೀವು ಕೆಲಸವನ್ನೇ ಕಿತ್ತುಕೊಳ್ಳೋಕೆ ಹೋದಿರಿ. ಅಷ್ಟು ದುಡ್ಡು ನಾನೇ ಕೊಡ್ತೀನಿ ಅಂದಿರಂತೆ, ಅದು ಇನ್ನೂ ಕೆಟ್ಟದ್ದು. ಹೋಗಿ ತಪ್ಪಾಯ್ತು ಅನ್ನಿ. ಆಮೇಲೆ ಯಾವ ಕೆಲಸಕ್ಕೆ ಬೆರಳು ಜಾಸ್ತಿ ನೋಯುತ್ತೆ ಅಂತ ಕೇಳಿ. ಕತ್ತರಿಯೋ, ಕಾಜಾ ಹುಕ್ಕೋ? ಕಾಜಾ ಹುಕ್ಕು ಆದರೆ ಓಣಿಯಲ್ಲಿ ಯಾರಿಗಾದರೂ ಪೀಸಿನ ಲೆಕ್ಕದಲ್ಲಿ ಕೊಡಬಹುದು. ಬೇಡ ಅಂದರೆ ಬೇಡ.

ಸಿಡಿಮಿಡಿಗೆ ನನ್ನ ಹತ್ತಿರ ಮದ್ದಿಲ್ಲ. ನೋವಿಗಿಂತ ಸುಸ್ತು ದೊಡ್ಡದು ಅಂತ ತಂಗಿ ಹೇಳುತ್ತಾಳೆ, ಅದು ನಿದ್ದೆ ಮಾಡಿದರೂ ಹೋಗದ ಸುಸ್ತಂತೆ. ನೋಡೋಕೆ ಚೆನ್ನಾಗೇ ಇರುತ್ತಾರೆ, ಅದಕ್ಕೇ ಯಾರೂ ನಂಬಲ್ಲ. ನೀವಾದರೂ ನಂಬಿ.

ರೊಟ್ಟಿಯದ್ದು ಉಳಿಯಿತು. ನಿಮ್ಮ ಕಡೆ ರೊಟ್ಟಿ ಮಾಡಿ ಮಾರುವವರು ಬೇಕಾದಷ್ಟು ಜನ ಇದ್ದಾರೆ, ನಾಳೆಯಿಂದಲೇ ತನ್ನಿ. ಖಡಕ್ ರೊಟ್ಟಿ ತಂದರೆ ಒಂದು ವಾರ ಚಿಂತೆಯಿಲ್ಲ, ಅಮ್ಮನ ಹಲ್ಲಿಗೆ ಗಟ್ಟಿಯಾದರೆ ಮೆತ್ತಗಿನದೂ ಸಿಗುತ್ತದೆ. "ಮನೇಲಿ ಸೊಸೆ ಇದ್ದೂ ಅಂಗಡಿ ರೊಟ್ಟಿಯಾ?" ಅಂತ ಓಣಿಯವರು ಕೇಳಿದರೆ, ನನಗೆ ತಿನ್ನಬೇಕು ಅನ್ನಿಸಿತು, ತಂದೆ ಅನ್ನಿ.