ಕಂಪನಿಯ ನೆರವನ್ನು ಹೇಳಲೇಬೇಕೇ?

ಬಾವಿ ನೀರಿನ ಪ್ರಬಂಧಕ್ಕೆ ಕಾರ್ಖಾನೆಯ ಸಲಹಾ ಸಂಸ್ಥೆ ಲೆಕ್ಕಾಚಾರ ಮಾಡಿಕೊಟ್ಟಿದೆ, ಅಂಕಿಅಂಶ ಸರಿಯಿದ್ದರೂ ಅದನ್ನು ತಿಳಿಸಬೇಕೇ ಎಂದು ಕೇಳಿದ್ದೀರಿ. ತಿಳಿಸಲೇಬೇಕು. ಅಚ್ಚಿಗೆ ಮೊದಲು ಪತ್ರಿಕೆಯ ಪರವಾಗಿ ಪ್ರಬಂಧವನ್ನು ಪರಿಶೀಲಿಸುವ ವಿಮರ್ಶಕರು ನೋಡುವುದು ಹಸ್ತಪ್ರತಿಯನ್ನು. ಯಾರ ದುಡ್ಡಿನಲ್ಲಿ ಯಾರು ಬರೆದರು ಎಂಬುದು ನೀವು ಹೇಳದೆ ಅವರಿಗೆ ಗೊತ್ತಾಗುವುದಿಲ್ಲ.

ಚೀನಾದ ಲಿಯಾವೊನಿಂಗ್‌ನ ಪ್ರಕರಣ ನೋಡಿ. ಕ್ರೋಮಿಯಂ ಎಂಬ ಲೋಹ ಸೇರಿದ ಬಾವಿ ನೀರು ಕುಡಿದ ಹಳ್ಳಿಗಳಲ್ಲಿ ಕ್ಯಾನ್ಸರ್ ಸಾವು ಹೆಚ್ಚು ಎಂದು 1987ರ ಪ್ರಬಂಧ ಹೇಳಿತ್ತು. 1997ರಲ್ಲಿ ಅದೇ ಸಂಶೋಧಕರ ಹೆಸರಿನಲ್ಲಿ ‘ಜರ್ನಲ್ ಆಫ್ ಆಕ್ಯುಪೇಷನಲ್ ಅಂಡ್ ಎನ್ವಿರಾನ್‌ಮೆಂಟಲ್ ಮೆಡಿಸಿನ್’ನಲ್ಲಿ ಬಂದ ಇನ್ನೊಂದು ಪ್ರಬಂಧ ಉಲ್ಟಾ ಹೊಡೆಯಿತು. ಅದರ ತಯಾರಿಯಲ್ಲಿ ಕೆಮ್‌ರಿಸ್ಕ್ ಎಂಬ ಸಲಹಾ ಸಂಸ್ಥೆಯ ಕೈಯಿತ್ತು. ಸಂಸ್ಥೆಯ ಗ್ರಾಹಕ, ಕ್ಯಾಲಿಫೋರ್ನಿಯಾದ ಹಿಂಕ್ಲಿಯಲ್ಲಿ ಕ್ರೋಮಿಯಂ ಮಾಲಿನ್ಯದ ದಾವೆ ಎದುರಿಸಿದ್ದ ಪಿಜಿ ಅಂಡ್ ಇ ಎಂಬ ಅನಿಲ-ವಿದ್ಯುತ್ ಕಂಪನಿ! ಪ್ರಬಂಧ ವಿಮರ್ಶೆಯನ್ನು ದಾಟಿ ಅಚ್ಚಾಗಿತ್ತು. 2006ರಲ್ಲಿ ಪತ್ರಿಕೆ ಅದನ್ನು ಹಿಂಪಡೆದಾಗ ಕೊಟ್ಟ ಕಾರಣ ಲೆಕ್ಕದ ತಪ್ಪಲ್ಲ, ಹೊರಗಿನವರ ಹಣ ಮತ್ತು ಬೌದ್ಧಿಕ ನೆರವನ್ನು ಬಹಿರಂಗಪಡಿಸದಿದ್ದುದು.

ಕೃತಜ್ಞತೆಯ ಸಾಲಿನಲ್ಲಿ ಸಂಸ್ಥೆಯ ಹೆಸರು ತೂರಿಸಿದರೆ ಸಾಲದು. ಪ್ರಬಂಧದ ಜೊತೆ ಕೊಡುವ ಹಿತಾಸಕ್ತಿ ಘೋಷಣೆಯಲ್ಲಿ ಹಣ ಕೊಟ್ಟವರು ಯಾರು, ವಿಶ್ಲೇಷಣೆ ಮಾಡಿದವರು ಯಾರು, ಪ್ರಕಟಣೆಗೆ ಮೊದಲು ಕಂಪನಿ ಕರಡನ್ನು ಓದಿತೇ ಎಂಬುದನ್ನು ಬಿಡಿಸಿ ಬರೆಯಿರಿ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಮೂನೆ ಹಿಂದಿನ 36 ತಿಂಗಳ ಸಂಬಂಧಗಳನ್ನೂ ಕೇಳುತ್ತದೆ. ಘೋಷಿಸಿದ ಮಾತ್ರಕ್ಕೆ ಪ್ರಬಂಧ ತಿರಸ್ಕೃತವಾಗುವುದಿಲ್ಲ. ಆದರೆ ಲೆಕ್ಕಾಚಾರ ಮಾಡಿದವರು ಬರವಣಿಗೆಯಲ್ಲೂ ಗಣನೀಯವಾಗಿ ಪಾಲ್ಗೊಂಡಿದ್ದರೆ ಅವರನ್ನು ಲೇಖಕರ ಪಟ್ಟಿಗೇ ಸೇರಿಸಬೇಕಾದೀತು. ಕಳಿಸುವ ಮೊದಲೇ ಸಂಪಾದಕರಿಗೆ ಒಂದು ಪತ್ರ ಬರೆದು ಕೇಳಿ.